ಮುನ್ನೂರಾ ಐವತ್ತನೆಯ ಸಾಲು

ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟು ಕೂತಿದ್ದರೂ ಶಶಿಕಾಂತನ ಮನಸ್ಸು ಹೊರಕೋಣೆಯ ಸೋಫಾದ ಮೇಲೆ ಬೋರಲು ಬಿದ್ದಿದ್ದ ಫೋನಿನ ಸುತ್ತಲೇ ಸುಳಿಯುತ್ತಿತ್ತು. ಗೂಟಕ್ಕೆ ಕಟ್ಟಿದ ಕರು ಹಗ್ಗ ಮುಗಿಯುವ ತನಕ ಓಡಿ, ಜಗ್ಗಿಸಿಕೊಂಡು ನಿಂತು, ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಓಡುವ ಹಾಗೆ. ಡೊಂಬಿವಲಿಯ ಈ ಎರಡು ಕೋಣೆಯ ಮನೆಯಲ್ಲಿ ಬೆಳಗಿನ ಅರ್ಧ ತಾಸು ಅವನೊಬ್ಬನದಾಗಿತ್ತು. ಬಣ್ಣದ ಫ್ಯಾಕ್ಟರಿಯ ಉಗ್ರಾಣದಲ್ಲಿ ದಿನವಿಡೀ ಮೂಗಿಗೆ ಹತ್ತುವ ಘಾಟು, ಪ್ಲಾಟ್‌ಫಾರ್ಮಿನ ನೂಕುನುಗ್ಗಲು, ಸೊಸಾಯಿಟಿಯ ನೀರಿನ ಜಗಳ ಯಾವುದೂ ಆ ಅರ್ಧ ತಾಸಿನ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ. ಇವತ್ತು ರವಿವಾರ, ಯಾವ ಅವಸರವೂ ಇಲ್ಲ, ಆದರೂ ವಿಭೂತಿ ಹಚ್ಚುವ ಬೆರಳು ಹಣೆಯ ಮೇಲೆ ಮೂರು ಗೆರೆ ಎಳೆಯುವ ಬದಲು ಎರಡೇ ಎಳೆದು ನಿಂತುಬಿಟ್ಟಿತ್ತು. ಹೊಟ್ಟೆಕಿಚ್ಚಿಗೆ ಒಲೆ ಬೇಡ, ಕಟ್ಟಿಗೆ ಬೇಡ, ಊದುವವರೂ ಬೇಡ. ಅದು ತಾನೇ ಉರಿಯುತ್ತದೆ, ತಾನೇ ಬೇಯುತ್ತದೆ. ನಿನ್ನೆ ಸಂಜೆ ಕನ್ನಡ ಸಂಘದವರು ಕಳಿಸಿದ ಸಂದೇಶವನ್ನು ಅವನು ಎಷ್ಟು ಸಲ ಓದಿದ್ದನೆಂದರೆ ಅಕ್ಷರ ಅಕ್ಷರವೂ ಬಾಯಿಪಾಠವಾಗಿ, ಈಗ ಮಂತ್ರದ ಜಾಗದಲ್ಲಿ ಅದೇ ನಾಲಿಗೆಗೆ ಬರುತ್ತಿತ್ತು. ಬರುವ ರವಿವಾರ ನೆರೂಳದಲ್ಲಿ ಸಂಘದ ವಾರ್ಷಿಕ ಕೂಟ. ವಿಶೇಷ: ಶ್ರೀ ರಘುಪತಿಯವರು ಮೂವತ್ತೇಳು ವರ್ಷಗಳ ಹಿಂದೆ ಮನೆಯ ಕಂಪ್ಯೂಟರಿನಲ್ಲಿ ತಯಾರಿಸಿದ ಚೌಕಾಬಾರ ಆಟ, ಎಮ್ಯುಲೇಟರಿನ ಮೂಲಕ ಮತ್ತೆ ನಿಮ್ಮ ಮುಂದೆ. ಆಟವನ್ನೂ, ಅದರ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ದೊಡ್ಡ ಪರದೆಯ ಮೇಲೆ ತೋರಿಸಲಾಗುವುದು.

ಮೊದಲ ಭಾಗ ಓದಿದಾಗ ಮೈ ಸುಟ್ಟಿತ್ತು. ತಯಾರಿಸಿದ್ದು ರಘುಪತಿಯೇ? ಆ ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಓದಿದವನು ಯಾರು? ಕವಡೆ ಬೀಳುವುದು, ಕಾಯಿ ನಡೆಯುವುದು, ಒಂದು ಕಾಯಿ ಇನ್ನೊಂದನ್ನು ಹೊಡೆಯುವುದು, ಎಲ್ಲವನ್ನೂ ಸಾಲಿಗೆ ಸಾಲು ಕಟ್ಟಿದವನು ಯಾರು? ಎರಡನೆಯ ಭಾಗ ಓದಿದಾಗ ಅದೇ ಮೈ ತಣ್ಣಗೆ ಬೆವರಿತ್ತು. ಒಂದೊಂದು ಸಾಲನ್ನೂ ತೋರಿಸುತ್ತಾರಂತೆ. ಹಾಗಾದರೆ ಮುನ್ನೂರಾ ಐವತ್ತನೆಯದನ್ನೂ ತೋರಿಸುತ್ತಾರೆ. ಈ ಆಟ ನನ್ನದು ಎಂದು ಎದ್ದು ನಿಂತು ಹೇಳಿದರೆ ಆ ಸಾಲೂ ನನ್ನದು. ಆ ಸಾಲು ನನ್ನದಲ್ಲ ಎಂದರೆ ಆಟವೂ ನನ್ನದಲ್ಲ. ಎರಡು ಗೋಡೆಗಳ ನಡುವೆ ಸಿಕ್ಕ ಇಲಿಯ ಹಾಗೆ ಅವನ ಮನಸ್ಸು ನಿನ್ನೆಯಿಂದ ಅತ್ತ ಹೋಗಿ ಮೂಗು ತಾಗಿಸಿ, ಇತ್ತ ಬಂದು ಮೂಗು ತಾಗಿಸಿ ಬೇಸತ್ತಿತ್ತು.

“ರೀ, ಶಿವಾ ಎದ್ದು ಹೋಗಿ ಅರ್ಧ ತಾಸಾತು. ಇನ್ನೂ ಯಾರ ಪೂಜಿ ನಡದೈತಿ?” ಎಂದಳು ಹೆಂಡತಿ ಜ್ಯೋತಿ, ಅಡುಗೆಮನೆಯ ಬಾಗಿಲಲ್ಲಿ ನಿಂತು.

“ಬಂದೆ.”

“ನಿಮ್ಮ ದೋಸ್ತರದು ಎಲ್ಲಾ ಗ್ರೂಪಿನ್ಯಾಗೂ ಬಂದೈತಿ ನೋಡ್ರಿ. ನಮ್ಮ ಭಜನಿ ಗ್ರೂಪಿನ್ಯಾಗೂ. ನೀವೂ ಏನೋ ಬರದಿದ್ದೆ ಅಂತ ಲಗ್ನ ಆದ ಹೊಸದಾಗಿ ದಿನಾ ಹೇಳತಿದ್ರಲ್ಲ, ನಿಮ್ಮ ಹೆಸರು ಎಲ್ಲೈತ್ರಿ?”

“ಅಂಥಾ ದೊಡ್ಡದೇನಲ್ಲ ಬಿಡು ಅದು.”

“ದೊಡ್ಡದಲ್ಲಂದ್ರ ರಾತ್ರಿಯೆಲ್ಲಾ ಯಾಕ ಹೊಳ್ಳ್ಯಾಡಿದ್ರಿ? ಹಾಸಿಗಿ ಏನು ಮುಳ್ಳಿಂದಿತ್ತೇನು?”

ಅವನು ಉತ್ತರ ಕೊಡುವ ಮೊದಲೇ ಫೋನು ಬಡಿದುಕೊಂಡಿತು. ರಘುಪತಿಯೇ. ದನಿ ಎಂದಿನಂತೆ ಹಬ್ಬದ ದಿನದ ದನಿ. “ಶಶ್ಯಾ, ಏನ್ ಮಾಡಾಕತ್ತೀಲೇ? ಠಾಣೇಕ ಬಾ ಇವತ್ತ. ಪ್ರಾಜಕ್ತಾ ಎಲ್ಲಾ ಜೋಡಿಸಿ ಇಟ್ಟಾಳ. ನೀ ಒಮ್ಮೆ ನೋಡದಽ ನಾ ಅದನ್ನ ನೆರೂಳಕ್ಕ ಒಯ್ಯಂಗಿಲ್ಲ. ನಿನ್ನ ವೈನಿ ಪುಣೇಕ ಹೋಗ್ಯಾಳ, ರೊಟ್ಟಿ ನಾನಽ ಬಡೀತೀನಿ, ಉಂಡು ಹೋಗುವಂತಿ.” ಶಶಿಕಾಂತ “ನೋಡತೀನಿ” ಎಂದ. “ನೋಡೂದೇನ ಐತಲೇ, ಬಾ ಅಂದ್ರ ಬಾ” ಎಂದು ಅವನು ಇಟ್ಟೇಬಿಟ್ಟ. ಯಾವಾಗಲೂ ಹೀಗೆಯೇ. ಅವನು ಕರೆಯುವುದು, ಇವನು ಹೋಗುವುದು.

ಸ್ಟೇಶನ್ನಿನ ಮೆಟ್ಟಿಲು ಹತ್ತುವಾಗ ಇವತ್ತು ಹಳಿ ದುರಸ್ತಿಯ ಮೆಗಾಬ್ಲಾಕ್ ಇರಲಿ, ಗಾಡಿಗಳೆಲ್ಲ ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಂಡ. ಬ್ಲಾಕೇನೋ ಇತ್ತು, ಆದರೆ ಗಾಡಿಯೂ ಇತ್ತು. ಹತ್ತು ನಿಮಿಷ ತಡ ಮಾಡಿ, ಇವನಿಗೆಂದೇ ಬಂದಂತೆ ಬಂದು ನಿಂತಿತು. ಬಾಗಿಲ ಹತ್ತಿರ ಕಂಬ ಹಿಡಿದು ನಿಂತವನಿಗೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಎಮ್ಯುಲೇಟರ್ ಎಂದರೇನೆಂದು ಅವನು ನಿನ್ನೆಯೇ ಹುಡುಕಿ ಓದಿದ್ದ. ಹೊಸ ಕಂಪ್ಯೂಟರಿನ ಮೈಯೊಳಗೆ ಸತ್ತುಹೋದ ಹಳೆಯ ಕಂಪ್ಯೂಟರು ಬಂದು ಕೂತು ಮಾತಾಡುವುದು. ಊರಲ್ಲಿ ಅಮಾವಾಸ್ಯೆಗೆ ಪೂಜಾರಿಯ ಮೈಮೇಲೆ ದೇವರು ಬರುತ್ತಿತ್ತಲ್ಲ, ಹಾಗೆ. ಮೈ ಇವನದು, ದನಿ ಅದರದು. ದೇವರು ಮೈಮೇಲೆ ಬಂದಾಗ ಊರ ಜನ ಹೆದರುತ್ತಿದ್ದುದು ದೇವರಿಗಲ್ಲ. ಎಲ್ಲರ ಎದುರಿಗೆ ಅದು ಯಾರ ಮನೆಯ ಯಾವ ಮಾತು ಎತ್ತೀತೋ ಎಂದು. ಚಂದವ್ವ ಇದ್ದಿದ್ದರೆ ಏನೆನ್ನುತ್ತಿದ್ದಳು? ರಘುಪತಿಯ ಅವ್ವ. ಡೊಂಬಿವಲಿಯ ಆಚೆ ದಿಕ್ಕಿನ ಚಾಳಿನಲ್ಲಿ, ಎರಡನೆಯ ಮಜಲೆಯ ಕೊನೆಯ ಖೋಲಿಯಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ ಬರೆದು ಕವಡೆ ಹಿಡಿದು ಕೂರುತ್ತಿದ್ದಳು. ಶಿವಪಾರ್ವತಿಯರೂ ಆಡುತ್ತಾರಂತೆ, ಪಾರ್ವತಿ ಗೆದ್ದಳೆಂದೇ ಲೋಕ ನಡೆದಿದೆಯಂತೆ. ನಾಲ್ಕು ಕವಡೆ. ನಾಲ್ಕೂ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು. ಬಾರಾ ಬಿದ್ದರೆ ಕುಣಿದು ಕೈ ತಟ್ಟುತ್ತಿದ್ದಳು, ಅರವತ್ತರ ಹೆಂಗಸು ಎಂಟು ವರ್ಷದವಳಾಗುತ್ತಿದ್ದಳು.

“ಕಾಕಾ, ಉತರ್ನಾ ನಹೀ ಹೈ ತೋ ಅಂದರ್ ಜಾವೋ ನಾ!” ಯಾರೋ ಹಿಂದಿನಿಂದ ನೂಕಿದರು. ಇಳಿಯುವವನಲ್ಲದಿದ್ದರೆ ಬಾಗಿಲಲ್ಲಿ ಯಾಕೆ ನಿಲ್ಲಬೇಕು? ಅದೂ ನಿಜವೇ. ಶಶಿಕಾಂತ ಒಳಗೆ ಸರಿದ. ಜೀವಮಾನವಿಡೀ ಅವನು ಹೀಗೇ ಇನ್ನೊಬ್ಬರ ಬಾಗಿಲಲ್ಲಿ ನಿಂತವನು. ಇಂಡಿ ತಾಲೂಕಿನ ಹಳ್ಳಿಯಿಂದ ಬಂದು ಆರು ಮಂದಿಯ ಕೋಣೆಯಲ್ಲಿ ಮಲಗಿ, ಸಂಜೆ ಕಾಲೇಜಿಗೆ ಹೋಗಿ, ಎರಡು ಹೊತ್ತಿನ ಊಟಕ್ಕೆ ಚಂದವ್ವನ ಖೋಲಿಗೆ ಹೋಗುತ್ತಿದ್ದ. ತನ್ನೂರಿನ ಹುಡುಗ ಎಂಬ ಒಂದೇ ಕಾರಣಕ್ಕೆ ಅವಳು ಅವನನ್ನು ಮಗನ ಪಕ್ಕದಲ್ಲಿ ಕೂಡಿಸಿ ಮಗನಿಗೆ ಬಡಿಸಿದ್ದನ್ನೇ ಬಡಿಸುತ್ತಿದ್ದಳು. ಒಂದು ತುತ್ತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವನು ನೋಡುತ್ತಿದ್ದ. ಯಾವಾಗಲೂ ಎರಡೂ ತಾಟನ್ನು ಹೋಲಿಸಿ ನೋಡುತ್ತಿದ್ದ, ಎಲ್ಲಾದರೂ ಮಗನ ತಾಟಿನಲ್ಲಿ ತುಪ್ಪ ಒಂದು ಹನಿ ಹೆಚ್ಚು ಬಿದ್ದೀತೋ ಎಂದು. ಬಿದ್ದಿದ್ದರೆ ಎಷ್ಟು ಸುಖವಾಗುತ್ತಿತ್ತು! ಬೀಳಲಿಲ್ಲ. ಅದಕ್ಕೇ ಅವನ ಹೊಟ್ಟೆಕಿಚ್ಚಿಗೆ ಆ ಮನೆಯಲ್ಲಿ ಒಂದು ನ್ಯಾಯವಾದ ಕಾರಣವೂ ಸಿಗಲಿಲ್ಲ. ಆಗ ರಘುಪತಿಯ ಸೋದರಮಾವ ಮಸ್ಕತ್ತಿನಿಂದ ಆ ಯಂತ್ರ ತಂದುಕೊಟ್ಟ. ಎರಡು ಗೇಣು ಉದ್ದದ ಕರಿಯ ಹಲಗೆ, ರಬ್ಬರಿನ ಗುಂಡಿಗಳು. ಟೀವಿಗೆ ಒಂದು ವಾಯರು, ಟೇಪ್‌ರೆಕಾರ್ಡರಿಗೆ ಒಂದು ವಾಯರು. ಬರೆದ ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು, ಬೇಕಾದಾಗ ಅದರಿಂದಲೇ ತೆಗೆಯಬೇಕು.

ಮುಂಬ್ರಾದ ಗುಡ್ಡ ಹಿಂದೆ ಸರಿಯಿತು, ಸಮುದ್ರದ ಖಾಡಿಯ ನೀರು ಬಿಸಿಲಿಗೆ ತಗಡಿನಂತೆ ಹೊಳೆಯಿತು. ಚೌಕಾಬಾರ ಮಾಡೋಣ ಎಂದವನು ರಘುಪತಿ. ಮಾಡಿದವನು ಶಶಿಕಾಂತ. ಹೀಗೆ ಎರಡು ವಾಕ್ಯದಲ್ಲಿ ಅವನು ಮೂವತ್ತೇಳು ವರ್ಷದಿಂದ ಆ ಕಥೆಯನ್ನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಆದರೆ ಮೂರನೆಯ ವಾಕ್ಯವೊಂದಿತ್ತು, ಅದನ್ನು ಬಿಟ್ಟು ಹೇಳುವ ಹಾಗಿರಲಿಲ್ಲ. ಮೊದಲ ಸಲ ಅವನು ಒಂದು, ಎರಡು, ಮೂರು, ನಾಲ್ಕು, ಎಂಟು, ಈ ಐದಕ್ಕೂ ಸಮಪಾಲು ಕೊಟ್ಟಿದ್ದ. ಗಣಿತ ಕಲಿತವನ ತಪ್ಪು. ಚಂದವ್ವ ಟೀವಿಯ ಮುಂದೆ ಕೂತು ಹತ್ತು ನಿಮಿಷ ನೋಡಿ ನಕ್ಕುಬಿಟ್ಟಿದ್ದಳು: “ಇದೇನೋ ಯಪ್ಪಾ, ಬಾರಾ ಅನ್ನೂದು ಬೀದ್ಯಾಗ ಬಿದ್ದೈತೇನು? ಮಾತಿಗೊಮ್ಮೆ ಬಾರಾ, ಮಾತಿಗೊಮ್ಮೆ ಚೌಕ! ಕವಡಿ ಹಿಂಗ ಬೀಳಂಗಿಲ್ಲೋ.” “ಹಂಗಾದ್ರ ಹೆಂಗ ಬೀಳತಾವ ತೋರಸು ಅವ್ವಾ” ಎಂದಿದ್ದ ಇವನು. ಒಂದು ಇಡೀ ಮಧ್ಯಾಹ್ನ ಅವಳು ಕವಡೆ ಒಗೆದಳು, ಇನ್ನೂರು ಸಲ. ಒಗೆದೊಗೆದು ಮಣಿಕಟ್ಟು ನೋವು ಬಂದರೂ ಬಿಡಲಿಲ್ಲ. ಇವನು ಕ್ಯಾಲೆಂಡರಿನ ಬೆನ್ನಿಗೆ ಗೆರೆ ಹಾಕುತ್ತ ಹೋದ. ಇನ್ನೂರಕ್ಕೆ ಬಾರಾ ಬಿದ್ದದ್ದು ಹನ್ನೊಂದು ಸಲ. ಎಣಿಸಿದ್ದನ್ನೇ ಪ್ರೋಗ್ರಾಮಿಗೆ ಹಾಕಿದ. ಆಮೇಲೆ ಯಂತ್ರ ಒಗೆಯುತ್ತಿದ್ದದ್ದು ಯಂತ್ರದ ಕವಡೆಯಲ್ಲ, ಚಂದವ್ವನ ಕೈ. ಅವಳೂ ನೋಡಿ ತಲೆದೂಗಿದಳು: “ಈಗ ಖರೇ ಆತು.”

ಆಮೇಲಿನದು ಸಣ್ಣ ಸಂಗತಿ. ಎಷ್ಟು ಸಣ್ಣದೆಂದರೆ ಯಾರಿಗೆ ಹೇಳಿದರೂ ನಗುತ್ತಾರೆ. ಮಸ್ಕತ್ತಿನ ಮಾವ ರಜೆಗೆ ಬಂದಿದ್ದ. ರಘುಪತಿ ಟೀವಿ ಹಚ್ಚಿ ಆಟ ತೋರಿಸಿ “ಮಾಮಾ, ನಾನಽ ಮಾಡಿದ್ದು” ಎಂದ. ಸುಳ್ಳು ಹೇಳಬೇಕೆಂದಲ್ಲ, ಖುಷಿಯ ಹುಡುಗನ ಬಾಯಿಗೆ ಹಾಗೆ ಬಂತು. ಮಾವ ತನ್ನ ಕೈಯ ಗಡಿಯಾರ ಬಿಚ್ಚಿ ಅವನ ಕೈಗೆ ಕಟ್ಟಿದ. ಬಾಗಿಲಲ್ಲಿ ನಿಂತಿದ್ದ ಶಶಿಕಾಂತನಿಗೆ ಚಂದವ್ವ ಒಳಗಿನಿಂದಲೇ ಕೂಗಿದಳು, “ಶಶೀ, ಮಾಮಾಗ ನೀರು ಕೊಡೋ.” ಕೊಟ್ಟ. ಮಾವ ಕುಡಿದು, ಯಾರು ಕೊಟ್ಟರೆಂದು ನೋಡದೆ ತಂಬಿಗೆ ವಾಪಸು ಮಾಡಿದ. ಮರುದಿನ ಸಂಜೆ ರಘುಪತಿ ಹಾಲು ತರಲು ಹೋದ ಹೊತ್ತು ಶಶಿಕಾಂತ ಒಬ್ಬನೇ ಕೂತು, ಹಿಂದೊಮ್ಮೆ ಅಳಿಸಿ ಖಾಲಿ ಬಿಟ್ಟಿದ್ದ ಸಂಖ್ಯೆಗೆ ಒಂದು ಸಾಲು ಸೇರಿಸಿದ. ಆಟಗಾರನ ಹೆಸರು ರಘುಪತಿಯ ಮೊದಲ ಅಕ್ಷರದಿಂದ ಶುರುವಾಗಿದ್ದು, ಬಿದ್ದದ್ದು ಎಂಟಾಗಿದ್ದರೆ, ಆ ಎಂಟನ್ನು ಎರಡು ಮಾಡು. ಮುನ್ನೂರಾ ಐವತ್ತು. ಒತ್ತಿ, ಕ್ಯಾಸೆಟ್ಟಿನಲ್ಲಿ ತುಂಬಿಸಿದ. ಇನ್ನೂರಕ್ಕೆ ಹನ್ನೊಂದೇ ಬೀಳುವ ಬಾರಾ, ಬೀಳದೆ ಹೋದರೆ ಯಾರಿಗೆ ಗೊತ್ತಾದೀತು? ಆದರೆ ಮಗನ ಮಗ್ಗುಲಲ್ಲಿ ಚಂದವ್ವ ಕೂರುತ್ತಿದ್ದಳು. ಮಗನ ಹೆಸರಿನಲ್ಲಿ ಕಾಯಿ ನಡೆಸುತ್ತಿದ್ದವಳು ಅವಳೇ. “ಬಾರಾ ಬಾ, ಬಾ ನಮ್ಮವ್ವ, ಬಾ” ಎಂದು ಟೀವಿಯ ಗಾಜಿಗೆ ಕೈ ಮುಗಿದು ಕರೆಯುತ್ತಿದ್ದಳು. ಎರಡು ಬೀಳುತ್ತಿತ್ತು. ಶಶಿಕಾಂತನ ಸರದಿಗೆ ಬಾರಾ ಬಿದ್ದರೆ ಅದಕ್ಕೂ ಅಷ್ಟೇ ಖುಷಿಯಿಂದ ಕೈ ತಟ್ಟುತ್ತಿದ್ದಳು. ಕೆಲವು ವಾರದ ನಂತರ ರಘುಪತಿ ಪರೀಕ್ಷೆ ಬಂತು ಎಂದು ಯಂತ್ರವನ್ನು ಹಳೆಯ ಧೋತರದಲ್ಲಿ ಸುತ್ತಿ ಮೇಲೆ ಇಟ್ಟ. ಇವನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಚಂದವ್ವ ತೀರಿಕೊಂಡು ಈಗ ಹನ್ನೆರಡು ವರ್ಷ. ಅವಳ ಮಣ್ಣಿಗೆ ಹೋದಾಗ ಒಂದು ಹಿಡಿ ಮಣ್ಣು ಹಾಕುತ್ತ ಅವನು ಮನಸ್ಸಿನಲ್ಲೇ ಏನೋ ಹೇಳಬೇಕೆಂದಿದ್ದ, ಹಿಂದಿನಿಂದ ಜನ ಬಂದರು, ಸರಿದು ನಿಂತ.

ಠಾಣೆಯಲ್ಲಿ ಇಳಿದು, ಸೇತುವೆ ದಾಟಿ, ವರ್ತಕ ನಗರಕ್ಕೆ ರಿಕ್ಷಾ ಹಿಡಿದ. ರಘುಪತಿಯ ಮನೆ ಏಳನೆಯ ಮಜಲೆಯಲ್ಲಿ. ಲಿಫ್ಟಿನ ಕನ್ನಡಿಯಲ್ಲಿ ತನ್ನ ಹಣೆಯ ಮೇಲೆ ಎರಡೇ ಗೆರೆ ವಿಭೂತಿ ಕಂಡು ಒರೆಸಿಕೊಳ್ಳಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. “ಯಾ ಕಾಕಾ, ಬಸಾ” ಎಂದು ಮನೆಯ ಬಾಗಿಲಲ್ಲೇ ಬರಮಾಡಿಕೊಂಡಳು ಪ್ರಾಜಕ್ತಾ, ರಘುಪತಿಯ ಮಗಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. ಅಟ್ಟದ ಮೇಲಿನ ಕ್ಯಾಸೆಟ್ಟು ಹುಡುಕಿ ತೆಗೆದದ್ದೂ, ಅದರ ಕೀರಲು ಸದ್ದನ್ನು ಫೈಲು ಮಾಡಿ ಎಮ್ಯುಲೇಟರಿಗೆ ತಿನ್ನಿಸಿದ್ದೂ ಅವಳೇ. ಹಿಟ್ಟಿನ ಕೈ ಮುಂದೆ ಹಿಡಿದುಕೊಂಡು ರಘುಪತಿ ಒಳಗಿನಿಂದ ಬಂದ. ತಲೆ ಪೂರಾ ಬೆಳ್ಳಗಾಗಿತ್ತು, ನಗು ಮಾತ್ರ ಚಾಳಿನದೇ. “ಬಂದ್ಯಾ? ಬಾ, ಮೊದಲ ಆಡೂಣು. ಹಂಚು ಕಾಯೋದರಾಗ ಒಂದು ಆಟ ಮುಗೀತದ.”

ಲ್ಯಾಪ್‌ಟಾಪಿನ ಪರದೆಯ ನಡುವೆ ಹಳೆಯ ಟೀವಿಯಷ್ಟು ಬಿಳಿ ಚೌಕ. ಪ್ರಾಜಕ್ತಾ ಏನೋ ಒತ್ತಿದಳು. ಕೀ ಎಂದು ಶುರುವಾಗಿ, ಗರಗಸ ಎಳೆದಂತೆ ಒರಲಿ, ಚೌಕದ ಅಂಚಿಗೆ ನೀಲಿ ಹಳದಿ ಪಟ್ಟಿಗಳು ಓಡತೊಡಗಿದವು. ಶಶಿಕಾಂತನ ಮೈಮೇಲಿನ ಕೂದಲು ನೆಟ್ಟಗಾಯಿತು. ಈ ಸದ್ದು ಕೇಳಿದಾಗ ಪಕ್ಕದ ಖೋಲಿಯವರು ಗೋಡೆ ಬಡಿಯುತ್ತಿದ್ದರು. ಒಂದು ಸೆಕೆಂಡಿನಲ್ಲಿ ಆಗುವಂತೆ ಮಾಡಬಹುದು, ಆದರೆ “ಬಾಬಾ ನಕೋ ಮ್ಹಣತಾತ್” ಎಂದು ಹುಡುಗಿ ನಕ್ಕಳು. ಅಪ್ಪ ಬೇಡ ಎನ್ನುತ್ತಾನಂತೆ. ಐದು ನಿಮಿಷ ಕಾಯಬೇಕಂತೆ, ಹಳೆಯ ಕಾಲದಂತೆ. ಕಾಯುವ ಸುಖವೂ ಇವನದೇ, ಎಂದುಕೊಂಡ ಶಶಿಕಾಂತ. ಕ್ಯಾಸೆಟ್ಟು ಇವನದು, ಮಗಳು ಇವನವಳು, ನೆನಪು ಕೂಡ ಇವನ ಮನೆಯ ಅಟ್ಟದಿಂದಲೇ ಇಳಿಯಬೇಕು. ತನಗೆ ಮಗಳಿಲ್ಲ. ಇದ್ದಿದ್ದರೂ ಅವಳಿಗೆ ಇಳಿಸಿಕೊಡಲು ತನ್ನ ಅಟ್ಟದ ಮೇಲೆ ಏನಿದೆ?

ಆಟ ಬಂತು. ಇಪ್ಪತ್ತೈದು ಮನೆ, ಅಡ್ಡಗೆರೆಯ ಕಟ್ಟೆಗಳು. ಹೆಸರು ಕೇಳಿತು. ರಘುಪತಿ ಒಂದು ಬೆರಳಿನಿಂದ ತನ್ನ ಹೆಸರು ಹೊಡೆದ, ಕೀಲಿಗೆ ಹಿಟ್ಟು ಅಂಟಿತು. ಆಮೇಲೆ ಇವನ ಹೆಸರು. ಒಂದು ಸಲ ಅವನು, ಒಂದು ಸಲ ಇವನು. ಮೂರು, ಎರಡು, ಎರಡು, ಒಂದು. ಶಶಿಕಾಂತ ತನ್ನ ಕಾಯಿ ನೋಡಲಿಲ್ಲ. ರಘುಪತಿಗೆ ಎರಡು ಬಿದ್ದಾಗಲೆಲ್ಲ, ಇದು ಬಿದ್ದ ಎರಡೋ, ತಾನು ಮಾಡಿದ ಎರಡೋ ಎಂದು ಲೆಕ್ಕ ಹಾಕುತ್ತಿದ್ದ. ಸುಮಾರು ಹದಿನೇಳನೆಯ ಎಸೆತ ಇರಬೇಕು. ರಘುಪತಿ ಒತ್ತಿದ. ನಾಲ್ಕೂ ಕವಡೆ ಬೋರಲು ಬಿದ್ದವು.

“ಬಾರಾ!” ಎಂದು ಅವನು ಅವ್ವನಂತೆಯೇ ಕೈ ತಟ್ಟಿದ, ಹಿಟ್ಟು ಹಾರಿತು. “ನೋಡಲೇ ಶಶ್ಯಾ, ಅವ್ವನ ಕೈ!” ಎಂದು, ಕಾಯಿ ಎಂಟು ಮನೆ ನಡೆದದ್ದನ್ನು ನೋಡಿ, “ತಡಿ, ಹಂಚು ಕಾದೈತಿ” ಎನ್ನುತ್ತ ಒಳಗೆ ಹೋದ.

ಬೀಳಬಾರದಿತ್ತು. ಈ ಹೆಸರಿಗೆ ಈ ಯಂತ್ರದಲ್ಲಿ ಬಾರಾ ಎಂದೂ ಬೀಳಬಾರದು. ಬೀಳದಂತೆ ಮಾಡಿದವನು ಇಲ್ಲೇ ಕೂತಿದ್ದಾನೆ. ಶಶಿಕಾಂತ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಆ ಯಂತ್ರದಲ್ಲಿ ಒಂದೊಂದು ಗುಂಡಿಗೆ ಒಂದೊಂದು ಇಡೀ ಪದ ಇತ್ತು. ಬೆರಳುಗಳು ಅವನನ್ನು ಕೇಳದೆಯೇ ಆಟ ನಿಲ್ಲಿಸಿ, ಕೆ ಒತ್ತಿದವು, ಪರದೆಯ ಕೆಳಗೆ ಲಿಸ್ಟ್ ಎಂದು ಪೂರ್ತಿ ಪದ ಬಿತ್ತು. “ಕಾಕಾ, ತುಮ್ಹಾಲಾ ಅಜೂನ್ ಆಠವತಂ?” ಎಂದು ಪ್ರಾಜಕ್ತಾ ಬೆರಗಾದಳು. ಇನ್ನೂ ನೆನಪಿದೆಯೇ? ನೆನಪಿದೆ ತಾಯಿ. ಮರೆಯಲು ಬೇಡಿಕೊಂಡು ಮೂರು ಸಲ ಸಿದ್ಧೇಶ್ವರನಿಗೆ ಕಾಯಿ ಒಡೆಸಿದ್ದೇನೆ, ಕಾರಣ ಮಾತ್ರ ಹೇಳಿರಲಿಲ್ಲ. ಸಾಲುಗಳು ಇಳಿದವು. ಹತ್ತು, ಇಪ್ಪತ್ತು, ಮೂವತ್ತು. ನಡುವೆ ಏನಾದರೂ ತುರುಕಲು ಜಾಗ ಇರಲೆಂದು ಹತ್ತು ಹತ್ತು ಬಿಟ್ಟು ಎಣಿಸುವ ರೂಢಿ. ಅವನ ಕೈಬರಹ ಅಲ್ಲದಿದ್ದರೂ ಅವನದೇ ಗುಣ, ಅವನದೇ ಜಿಪುಣತನ, ಎಲ್ಲಿಯೂ ಒಂದು ಅಕ್ಷರ ವ್ಯರ್ಥವಿಲ್ಲ. ಪರದೆ ತುಂಬಿ ನಿಂತಿತು. ಕೊನೆಗೆ ಯಂತ್ರ ಎಂದಿನಂತೆ ಕೇಳಿತು: ಸ್ಕ್ರೋಲ್? ಮುಂದೆ ಹೋಗಲೇ? ಇನ್ನೂರಾ ಎಂಬತ್ತರಲ್ಲಿ ನಿಂತಿತ್ತು. ಇಲ್ಲವೆಂದು ಒತ್ತಿದರೆ ಮುಗಿಯಿತು, ಎದ್ದು ಹೋಗಬಹುದು. ಅಡುಗೆಮನೆಯಲ್ಲಿ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ಅವನು ಹೌದೆಂದು ಒತ್ತಿದ.

ಮುನ್ನೂರಾ ಮೂವತ್ತು. ಮುನ್ನೂರಾ ನಲವತ್ತು. ಮುನ್ನೂರಾ ಅರವತ್ತು.

ಮತ್ತೆ ಓದಿದ. ಬೆರಳಿಟ್ಟು ಓದಿದ. ಇಲ್ಲ. ಆ ಜಾಗದಲ್ಲಿ ಹಲ್ಲು ಕಿತ್ತ ಬಾಯಿಯ ಹಾಗೆ ಒಂದು ಸಂದು. ಸುಖವಾಗಬೇಕಿತ್ತು. ನೆರೂಳದ ದೊಡ್ಡ ಪರದೆಯ ಮೇಲೆ ಕಾಣುವುದಕ್ಕೆ ಈಗ ಏನೂ ಇಲ್ಲ. ಎದ್ದು ನಿಂತು ಆಟ ನನ್ನದು ಎನ್ನಬಹುದು. ಆದರೆ ಆ ಸಾಲು ತಾನಾಗಿ ಹೋಗುವಂಥದಲ್ಲ. ಯಾರೋ ತೆಗೆದಿದ್ದಾರೆ. ತೆಗೆಯಬೇಕಾದರೆ ನೋಡಿರಬೇಕು. ನೋಡಿದವರು ಆಮೇಲೂ ಅವನನ್ನು ನೋಡಿದ್ದಾರೆ, ಅವನ ಮದುವೆಗೆ ಬಂದಿದ್ದಾರೆ, ಶಶ್ಯಾ ಎಂದು ಹೆಗಲ ಮೇಲೆ ಕೈ ಹಾಕಿದ್ದಾರೆ.

“ರಘೂ,” ಎಂದ. ದನಿ ಸಣ್ಣದಾಗಿತ್ತು. “ಮುನ್ನೂರಾ ಐವತ್ತು ಎಲ್ಲಿ?”

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. “ತಗದೆ.”

“ಯಾವಾಗ?”

“ಆವಾಗಽ. ಅವ್ವನಿಗೆ ಗೊತ್ತಾತು. ನನಗೆಲ್ಲಿ ಗೊತ್ತಾಗಬೇಕು, ಸೋತ್ರ ಸೋತೆ ಅಂತ ಕುಂತಿದ್ದೆ. ಅಕಿ ಒಂದಿನ ಅಂದ್ಲು, ಇನ್ನೂರು ಸಲ ಒಗದೀನಿ, ನನ್ನ ಕೈ ನನಗ ಗೊತ್ತಿಲ್ಲೇನು? ಈ ಪೆಟಿಗ್ಯಾಗ ಯಾರೋ ನನ್ನ ಕೈ ಹಿಡದಾರ ನೋಡೋ ರಘೂ, ಅಂತ. ನಾಕು ದಿನ ಹುಡುಕಿದೆ ಮಾರಾಯಾ. ನಿನ್ನಂಗ ನನಗ ಎಲ್ಲಿ ಓದಾಕ ಬರತಿತ್ತು ಅದು. ಸಿಕ್ಕ ಮ್ಯಾಲ ಸಿಟ್ಟು ಬಂತು. ಇವತ್ತ ಬರಲಿ ಮಗಾ, ಕಾಲರ್ ಹಿಡೀತೀನಿ ಅಂದೆ.”

ಟಪ್, ಟಪ್, ಟಪ್. ಪ್ರಾಜಕ್ತಾ ಒಮ್ಮೆ ಅಡುಗೆಮನೆಯತ್ತ, ಒಮ್ಮೆ ಇವನತ್ತ ನೋಡಿದಳು.

“ಮತ್ತ ಯಾಕ ಹಿಡೀಲಿಲ್ಲ?”

“ಅವ್ವ ಬಿಡಲಿಲ್ಲ. ತಗದು ಒಗಿ, ಅವಗ ಹೇಳಬ್ಯಾಡ ಅಂದ್ಲು. ಹೇಳಿದಿ ಅಂದ್ರ ಹುಡುಗ ನಾಚಿ ನಾಳಿಂದ ಉಣ್ಣಾಕ ಬರೂದಿಲ್ಲ, ಉಪಾಸ ಬೀಳತಾನ, ಅಂದ್ಲು.” ರೊಟ್ಟಿಯನ್ನು ಹಂಚಿಗೆ ಹಾಕಿದ ಸದ್ದಾಯಿತು. “ಬಾರಾ ಬೀಳಾಕತ್ರ ನಿನಗ ಗೊತ್ತಾಗತಿತ್ತು. ಅದಕ್ಕಽ ಪರೀಕ್ಷಾ ಅಂತ ಹೇಳಿ ಸುತ್ತಿ ಇಟ್ಟೆ. ಆ ಸಂಘದವರು ಹೆಸರು ಕೇಳಿದಾಗ ನಿನ್ನ ಹೆಸರು ಹೇಳಬೇಕಂತ ಬಾಯಿಗೆ ಬಂದಿತ್ತು. ಯಾರರೆ ಎದ್ದು ಇಲ್ಲಿ ಒಂದು ಸಾಲು ಯಾಕ ಇಲ್ಲ ಅಂತ ನಿನ್ನ ಕೇಳಿದ್ರ? ಅದಕ್ಕ ಬಿಟ್ಟೆ. ಹಾಕಲೋ ಬ್ಯಾಡೋ ನೀನಽ ಹೇಳು, ಅದಕ್ಕಽ ಕರದೀನಿ.”

ಶಶಿಕಾಂತನಿಗೆ ಆ ಖೋಲಿಯ ಎರಡು ತಾಟುಗಳು ಕಂಡವು. ಆ ದಿನವೂ ಅವನು ಹೋಗಿದ್ದ, ಅದರ ಮರುದಿನವೂ ಹೋಗಿದ್ದ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಡಿಸಿದಳು, ಒಂದು ತುತ್ತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಇವನು ತಲೆ ಬಗ್ಗಿಸಿ ಓರೆಗಣ್ಣಿನಿಂದ ತುಪ್ಪದ ಹನಿ ಎಣಿಸುತ್ತಿದ್ದ. ಎಣಿಸುವುದನ್ನೂ ಅವಳು ನೋಡಿರಬೇಕು. ಕಣ್ಣಿಗೆ ನೀರು ಬರಬೇಕಿತ್ತು. ಬಂದದ್ದು ಮಾತ್ರ ಅದೇ ಹಳೆಯ ಉರಿ. ಇಂಥ ಅವ್ವ ಇವನಿಗೆ ಯಾಕೆ? ನನಗೆ ಯಾಕಲ್ಲ? ಮಾಡಿದವನು ನಾನು, ಸುಟ್ಟುಕೊಂಡವನು ನಾನು, ಕ್ಷಮಿಸಿದವನೆಂಬ ಭಾಗ್ಯವೂ ಇವನ ಪಾಲಿಗೇ ಬಿತ್ತಲ್ಲ! ಅವನು ಕೀಲಿಗಳ ಮೇಲೆ ಬಾಗಿದ. ಮೂರು, ಐದು, ಸೊನ್ನೆ. ಬೆರಳು ಒಮ್ಮೆಯೂ ತಡವರಿಸಲಿಲ್ಲ. ಹೆಸರಿನ ಮೊದಲ ಅಕ್ಷರ ಇದಾಗಿದ್ದು, ಬಿದ್ದದ್ದು ಎಂಟಾಗಿದ್ದರೆ, ಎರಡು ಮಾಡು. ಎಂಟರ್ ಒತ್ತಿದ. ಸಂದು ಮುಚ್ಚಿತು. ಸಾಲು ತನ್ನ ಜಾಗದಲ್ಲಿ ಹೋಗಿ ನೆಟ್ಟಗೆ ಕೂತಿತು.

ಪ್ರಾಜಕ್ತಾ ಬಾಗಿ ಓದಿದಳು. ಹುಬ್ಬು ಗಂಟಾಯಿತು. “ಹೇ ಕಾಯ್ ಆಹೇ ಕಾಕಾ? ಬಗ್ ಹೋತಾ ಕಾ?”

“ಬಗ್ ಅಲ್ಲವ್ವಾ,” ಎಂದ ಶಶಿಕಾಂತ. “ಬಗ್ ಅಂದ್ರ ತಿಳೀದಽ ಆಗೂ ತಪ್ಪು. ಇದು ನಾ ತಿಳದು ಬರದದ್ದು. ನಿಮ್ಮಪ್ಪಗ, ನಿಮ್ಮಜ್ಜಿಗೆ ಬಾರಾ ಬೀಳಬಾರದು ಅಂತ ಬರದದ್ದು. ನನ್ನ ಹೆಸರು ಹಾಕೂದಿದ್ರ ಇದನ್ನೂ ಹಾಕು. ನೆರೂಳದಾಗ ಇದನ್ನೂ ತೋರಸು.” ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಯಾವುದೋ ಒಂದು ಪೂರ್ತಿ ತನ್ನದಾದಂತೆ ಅನ್ನಿಸಿತು. ಎಲ್ಲರ ಎದುರಿಗೆ ಅವಮಾನವಾದರೂ ಸರಿ, ಅದು ತನ್ನದು, ಹಂಚಿಕೊಳ್ಳಬೇಕಿಲ್ಲ.

ರಘುಪತಿ ಹಿಂದಿನಿಂದ ಬಂದು ನಿಂತದ್ದು ಗೊತ್ತಾಗಲಿಲ್ಲ. ಭುಜದ ಮೇಲಿಂದ ಹಿಟ್ಟಿನ ಕೈ ಚಾಚಿ ಮೂರು, ಐದು, ಸೊನ್ನೆ ಒತ್ತಿದ. ಬರೇ ಸಂಖ್ಯೆ, ಮುಂದೆ ಏನೂ ಇಲ್ಲ. ಆ ಯಂತ್ರದಲ್ಲಿ ಸಾಲೊಂದನ್ನು ಅಳಿಸುವ ರೀತಿ ಅದು. ಎಂಟರ್ ಹೊಡೆದ. ಸಾಲು ಹೋಯಿತು.

“ಏ!” ಎಂದ ಶಶಿಕಾಂತ, ಕೈಯಲ್ಲಿದ್ದುದನ್ನು ಕಸಿದುಕೊಂಡವನ ಮೇಲೆ ಕೂಗುವಂತೆ. “ಅದು ನಂದು!”

“ನಿಂದಲೇ. ಯಾರ್ ಇಲ್ಲಂದ್ರು? ಆಟಾನೂ ನಿಂದು. ಹೆಸರು ಹಾಕ್ ಪ್ರಾಜಕ್ತಾ, ಮೊದಲ ಇವಂದು, ಆಮ್ಯಾಲ ನಂದು.” ರಘುಪತಿ ಪಂಚೆಗೆ ಕೈ ಒರೆಸಿಕೊಂಡ. “ಸಾಲು ತಗೀ ಅಂತ ಅವ್ವ ಹೇಳ್ಯಾಳ, ತಗದಾಗೇತಿ. ಅಕಿ ಹೇಳಿದ್ದನ್ನ ತಿದ್ದಾಕ ನೀ ಯಾವ ಸಾಹೇಬಲೇ? ಏಳು, ರೊಟ್ಟಿ ಆರತಾವು.”

ನೆಲದ ಮೇಲೆಯೇ ಕೂತರು. ಮೇಜು ಇತ್ತು, ರಘುಪತಿ ಬೇಡವೆಂದ. ಎದುರಿಗೆ ಎರಡು ತಾಟು, ಝುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ರೊಟ್ಟಿ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಹರಿದಿತ್ತು. ಚಂದವ್ವನ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗಿರುತ್ತಿತ್ತು. ಈ ಒಂದು ವಿಷಯದಲ್ಲಾದರೂ ಇವನಿಗೆ ಅವ್ವನ ಕೈ ಬರಲಿಲ್ಲ ಎಂದುಕೊಂಡ ಶಶಿಕಾಂತ, ಹಾಗೆ ಅಂದುಕೊಂಡ ತನ್ನ ಮನಸ್ಸನ್ನು ಕಂಡು ಅವನಿಗೇ ಅಸಹ್ಯವಾಯಿತು, ಆಮೇಲೆ ಆ ಅಸಹ್ಯವೂ ಹಳೆಯ ಪರಿಚಯದವರಂತೆ ಪಕ್ಕದಲ್ಲಿ ಬಂದು ಕೂತಿತು. ಎದ್ದುಹೋಗಬೇಕು, ಉಪವಾಸ ಎನ್ನಬೇಕು, ಸೋಮವಾರವೆಂದು ಸುಳ್ಳು ಹೇಳಲೂ ಬಾರದು, ಇವತ್ತು ರವಿವಾರ. ಮೊದಲ ತುತ್ತು ಮುರಿದ. ಎರಡನೆಯದು. ಕಿಚ್ಚು ಆರಿರಲಿಲ್ಲ, ಅದರ ಬುಡದಲ್ಲೇ ಹಸಿವೂ ಇತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲವೆಂಬುದು ಈಗ ನೆನಪಾಯಿತು. ರೊಟ್ಟಿ ಮುಗಿಯಿತು. ರಘುಪತಿ ಬುಟ್ಟಿ ಹಿಡಿದು ಕಾಯುತ್ತಿದ್ದ.

ಶಶಿಕಾಂತ ತಾಟನ್ನು ಮುಂದೆ ಸರಿಸಿದ.

“ಇನ್ನೊಂದು ಹಾಕು,” ಎಂದ.